ವರ್ಜಿನ್ ದ್ವೀಪಗಳಿಂದ ಫ್ಲೋರಿಡಾಕ್ಕೆ ಹಾಯಿದೋಣಿಯಲ್ಲಿ ಹಿಂತಿರುಗುವುದು: ದ್ವೀಪದಿಂದ ದ್ವೀಪಕ್ಕೋ, ತೆರೆದ ಸಾಗರದಲ್ಲಿ ನೇರವಾಗಿಯೋ?

ಹಾಯಿಹಗ್ಗ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಈ ಚಳಿಗಾಲವನ್ನು ವರ್ಜಿನ್ ದ್ವೀಪಗಳಲ್ಲಿ ಕಳೆದ ನಮ್ಮ ಹಾಯಿದೋಣಿಯನ್ನು ಅದರ ತವರು ಬಂದರಿರುವ ಫ್ಲೋರಿಡಾದ ಆಗ್ನೇಯ ತೀರಕ್ಕೆ ಮರಳಿ ಒಯ್ಯಬೇಕಾಗಿದೆ. ನವೆಂಬರ್ ತಿಂಗಳಲ್ಲಿ ಇತ್ತ ಬರುವಾಗ ಅನುಭವಿಗಳಾದ ಇಬ್ಬರು ಗೆಳೆಯರು ಜೊತೆಗಿದ್ದುದರಿಂದ ಯಾವ ದ್ವೀಪವನ್ನೂ ಮುಟ್ಟದೆ ಅಟ್ಲಾಂಟಿಕ್‌ನ ತೆರೆದ ನೀರಿನಲ್ಲೇ ಬಂದೆವು. ಅವರು ಊರಿಗೆ ಮರಳಿದ್ದಾರೆ. ಈಗ ದೋಣಿಯಲ್ಲಿರುವವರು ನಾನು ಮತ್ತು ನನ್ನ ಪತ್ನಿ, ಇಬ್ಬರೇ.

ದೋಣಿ ಸುಮಾರು 12 ಮೀಟರ್ ಉದ್ದವಿದ್ದು, ಅದರ ಕೀಲ್ (ತಳದಿಂದ ಕೆಳಕ್ಕೆ ಚಾಚಿದ ಭಾರದ ಭಾಗ) ನೀರಿನೊಳಗೆ 1.9 ಮೀಟರ್ ಇಳಿಯುತ್ತದೆ. ಗಾಳಿ ಹದವಾಗಿದ್ದರೆ ಐದರಿಂದ ಐದೂವರೆ ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಸರಾಸರಿ ವೇಗ ಸಿಗುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ಸೇಂಟ್ ಥಾಮಸ್‌ನಿಂದ ಹೊರಟು, ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯ, ಟರ್ಕ್ಸ್ ಮತ್ತು ಕೈಕೋಸ್, ಬಹಾಮ, ಹೀಗೆ ದ್ವೀಪಸಾಲನ್ನು ಹಿಡಿದು ಸಾಗಬೇಕೆಂಬುದು ನಮ್ಮ ಆಸೆ. ವಿಮೆಯ ಷರತ್ತಿನ ಪ್ರಕಾರ ಚಂಡಮಾರುತದ ಋತು ಆರಂಭವಾಗುವ ಜೂನ್ 1ರ ಒಳಗೆ ನಾವು ಫ್ಲೋರಿಡಾದಲ್ಲಿರಬೇಕು.

ನನ್ನ ಚಿಂತೆಗಳು ಇವು. ಎಂಟು ವಾರಗಳು ಈ ದಾರಿಗೆ ಸಾಕೆ? ಎಲ್ಲ ದ್ವೀಪಗಳಲ್ಲೂ ನಿಲ್ಲುತ್ತ ಹೋಗುವುದು ಇಬ್ಬರಿಗೆ ಕ್ಷೇಮವೋ, ಕೆಲವನ್ನು ಬಿಟ್ಟು ರಾತ್ರಿಯೂ ಸಾಗುವ ಉದ್ದನೆಯ ಹಂತಗಳನ್ನು ಇಟ್ಟುಕೊಳ್ಳುವುದು ಕ್ಷೇಮವೋ? ಮೋನಾ ಜಲಸಂಧಿಯ ಬಗ್ಗೆ ಕೇಳಿದ್ದೆಲ್ಲವೂ ಹೆದರಿಸುವಂತೆಯೇ ಇದೆ. ಕೈಕೋಸ್ ಮತ್ತು ಬಹಾಮದ ಆಳವಿಲ್ಲದ ನೀರಿನಲ್ಲಿ ನಮ್ಮ ಕೀಲ್‌ಗೆ ಜಾಗವಿದೆಯೇ ಎಂಬುದೂ ಖಚಿತವಿಲ್ಲ. ಈ ದಾರಿಯನ್ನು ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಮೂಡಗಾಳಿ ಅವರ ಉತ್ತರ

ಹಾಯಿಹಗ್ಗ ಅವರೇ, ಮೊದಲು ಸಮಾಧಾನದ ಮಾತು: ನೀವು ಹೊರಟಿರುವುದು ಈ ದ್ವೀಪಸಾಲಿನ ಸುಲಭದ ದಿಕ್ಕಿನಲ್ಲಿ. ಫ್ಲೋರಿಡಾದಿಂದ ಕೆರಿಬಿಯನ್ ಕಡೆಗೆ ಇದೇ ದ್ವೀಪಗಳನ್ನು ಹಿಡಿದು ಹೋಗುವವರು ಉದ್ದಕ್ಕೂ ವಾಣಿಜ್ಯ ಮಾರುತಕ್ಕೆ ಎದುರಾಗಿ, ಅಲೆಗೂ ಪ್ರವಾಹಕ್ಕೂ ಎದುರಾಗಿ ಹೆಣಗಬೇಕಾಗುತ್ತದೆ. ನಿಮಗೆ ಅದೇ ಗಾಳಿ ಬೆನ್ನಿಗಿರುತ್ತದೆ, ನೀರಿನ ಹರಿವೂ ಒಟ್ಟಾರೆಯಾಗಿ ವಾಯವ್ಯದ ಕಡೆಗೇ ಇರುತ್ತದೆ. ಚಳಿಗಾಲದ ನಡುವೆ 25 ನಾಟ್ ಮೀರಿ ಬೀಸುತ್ತಿದ್ದ ಗಾಳಿ ಏಪ್ರಿಲ್ ಹೊತ್ತಿಗೆ ಸಾಮಾನ್ಯವಾಗಿ 15 ನಾಟ್ ಆಸುಪಾಸಿಗೆ ಇಳಿದು, ಈಶಾನ್ಯದಿಂದ ಪೂರ್ವಕ್ಕೂ ಆಗ್ನೇಯಕ್ಕೂ ವಾಲಿರುತ್ತದೆ. ಹೀಗಾಗಿ ನೀವು ಆರಿಸಿಕೊಂಡ ತಿಂಗಳು ಒಳ್ಳೆಯದೇ.

ಎಂಟು ವಾರ ಸಾಕು. ಆದರೆ ಆ ಎಂಟು ವಾರಗಳನ್ನು ಹೇಗೆ ಹಂಚುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದ್ವೀಪಗಳನ್ನು ಬಳಸಿ ಹೋದರೆ ಒಟ್ಟು ದಾರಿ 1000 ನಾಟಿಕಲ್ ಮೈಲಿಗೆ ಸ್ವಲ್ಪ ಮೇಲಾಗುತ್ತದೆ (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿಲೋಮೀಟರ್; ಮುಂದೆ ಮೈಲಿ ಎಂದಾಗಲೆಲ್ಲ ಇದೇ). ಇದನ್ನು ದಿನಕ್ಕಿಷ್ಟು ಮೈಲಿ ಎಂದು ಭಾಗಿಸಿ ಪಟ್ಟಿ ಬರೆಯುವುದು ಎಲ್ಲರೂ ಮಾಡುವ ಕೆಲಸ, ಆ ಪಟ್ಟಿ ಎರಡನೆಯ ವಾರದಲ್ಲೇ ಮುರಿದುಬೀಳುತ್ತದೆ. ಹಾಯಿ ಎತ್ತಿದ ದಿನಗಳಷ್ಟೇ ದಿನಗಳನ್ನು ಲಂಗರು ಹಾಕಿ ಕಾಯುವುದಕ್ಕೂ ಮೀಸಲಿಡಿ. ಕೊನೆಯ ದಿನಾಂಕವೊಂದೇ ಗಟ್ಟಿಯಾಗಿರಲಿ. ನಡುವಿನ ಯಾವ ಬಂದರಿಗೂ ಇಂಥ ದಿನವೇ ತಲುಪಬೇಕೆಂಬ ಕಟ್ಟುಪಾಡು ಇರಬಾರದು. ನಡುದಾರಿಯಲ್ಲಿ ನಿಮ್ಮನ್ನು ಸೇರಿಕೊಳ್ಳಲು ಬಂಧುಗಳೋ ಸ್ನೇಹಿತರೋ ವಿಮಾನದ ಟಿಕೆಟ್ ತೆಗೆಯುವುದಾದರೆ, ಊರನ್ನು ಹೇಳಿ ದಿನವನ್ನು ಹೇಳಬೇಡಿ, ಇಲ್ಲವೇ ದಿನವನ್ನು ಹೇಳಿ ಊರನ್ನು ಹೇಳಬೇಡಿ. ಹವಾಮಾನ ಚೆನ್ನಾಗಿಲ್ಲ ಎಂದು ಗೊತ್ತಿದ್ದೂ ಹೊರಟವರಲ್ಲಿ ಹೆಚ್ಚಿನವರನ್ನು ಹೊರಡಿಸಿದ್ದು ಯಾರಿಗೋ ಕೊಟ್ಟ ಮಾತು. ಇದನ್ನು ನಾನು ಅನೇಕ ಬಂದರುಗಳಲ್ಲಿ ನೋಡಿದ್ದೇನೆ.

ದಾರಿಯ ವಿಚಾರಕ್ಕೆ ಬರುತ್ತೇನೆ. ಸೇಂಟ್ ಥಾಮಸ್‌ನಿಂದ ಪೋರ್ಟೊ ರಿಕೊಗೆ ಸೇರಿದ ಕುಲೆಬ್ರಾ ದ್ವೀಪ ಸುಮಾರು 20 ಮೈಲಿ, ಹಗಲಿನ ಸಣ್ಣ ಪಯಣ. ಅಲ್ಲಿಂದ ಪೋರ್ಟೊ ರಿಕೊದ ದಕ್ಷಿಣ ತೀರವನ್ನು ಹಿಡಿಯಿರಿ. ಉತ್ತರ ತೀರಕ್ಕೆ ಅಟ್ಲಾಂಟಿಕ್‌ನ ಉಬ್ಬಲೆಗಳು ನೇರವಾಗಿ ಬಡಿಯುತ್ತವೆ ಮತ್ತು ಸ್ಯಾನ್ ಹುವಾನ್ ಬಿಟ್ಟರೆ ಆ ಕಡೆ ಒಳ್ಳೆಯ ಆಸರೆ ವಿರಳ. ದಕ್ಷಿಣದಲ್ಲಾದರೋ ಕಾಂಡ್ಲಾ ಗಿಡಗಳ ಮರೆಯಲ್ಲಿರುವ ಸಲೀನಾಸ್, ಪೋನ್ಸೆ, ನೈಋತ್ಯ ಮೂಲೆಯ ಬೊಕೆರಾನ್, ಹೀಗೆ ಒಂದೊಂದು ಹಗಲಿಗೆ ಒಂದೊಂದು ನಿಲುಗಡೆ ದೊರೆಯುತ್ತದೆ.

ಮೋನಾ ಜಲಸಂಧಿಯ ಬಗ್ಗೆ ನಿಮಗೆ ಭಯವಿರುವುದು ಸಹಜವೇ. ಇತ್ತ ಪೋರ್ಟೊ ರಿಕೊ, ಅತ್ತ ಡೊಮಿನಿಕನ್ ತೀರ, ನಡುವೆ ಸುಮಾರು 130 ಕಿಲೋಮೀಟರ್ ನೀರು. ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಸಮುದ್ರಗಳ ನಡುವಿನ ಉಬ್ಬರ-ಇಳಿತವೆಲ್ಲ ಇಲ್ಲಿ ನುಗ್ಗಿ ಹಾಯುವುದರಿಂದ ಪ್ರವಾಹ ದಿಕ್ಕು ಬದಲಿಸುತ್ತಿರುತ್ತದೆ, ತಳದ ಆಳವೂ ತಟ್ಟನೆ ಏರಿಳಿಯುತ್ತದೆ. ಡೊಮಿನಿಕನ್ ಕಡೆಯ ಎಂಗಾನೊ ಭೂಶಿರದಿಂದ ಪೂರ್ವಕ್ಕೆ ಚಾಚಿಕೊಂಡಿರುವ ಅವರ್‌ಗ್ಲಾಸ್ ದಿಬ್ಬದ ಮೇಲೆ ಅಲೆಗಳು ಒಂದರ ಮೇಲೊಂದು ಕಡಿದಾಗಿ ಏಳುತ್ತವೆ; ನಕ್ಷೆಯಲ್ಲಿ ಅದನ್ನು ಮೊದಲೇ ಗುರುತಿಸಿಕೊಂಡು, ಅದರ ಉತ್ತರಕ್ಕೆ ಸಾಕಷ್ಟು ದೂರದಲ್ಲಿ ಆಳದ ನೀರಿನಲ್ಲೇ ಹಾಯ್ದು ಹೋಗಿ. ಇನ್ನೊಂದು ಅಪಾಯ ಆಕಾಶದ್ದು. ಹಗಲಿನ ಬಿಸಿಲಿಗೆ ಪೋರ್ಟೊ ರಿಕೊದ ನೆಲ ಕಾದು ಪಶ್ಚಿಮ ತೀರದ ಮೇಲೆ ಮಧ್ಯಾಹ್ನ ಗುಡುಗಿನ ಮೋಡಗಳು ಕಟ್ಟುತ್ತವೆ, ಸಂಜೆಯ ಹೊತ್ತಿಗೆ ಅವು ಜಲಸಂಧಿಯ ಕಡೆಗೆ ಸರಿಯುತ್ತವೆ. ಆದ್ದರಿಂದ ಬೊಕೆರಾನ್‌ನಿಂದ ನಸುಕಿನಲ್ಲೇ ಹೊರಟು, ಮೋಡ ಕಟ್ಟುವಷ್ಟರಲ್ಲಿ ತೀರದಿಂದ ದೂರವಾಗಿರಿ. ಡೊಮಿನಿಕನ್ ತೀರದ ಸಮನಾ ಕೊಲ್ಲಿಗೆ ಸುಮಾರು 140 ಮೈಲಿ. ನಿಮ್ಮ ವೇಗಕ್ಕೆ ಒಂದು ಹಗಲು, ಒಂದು ರಾತ್ರಿ ಹಿಡಿದು ಮರುದಿನ ಬೆಳಕಿನಲ್ಲೇ ತಲುಪುತ್ತೀರಿ. ಮುನ್ಸೂಚನೆ ಎರಡು ಹಗಲುಗಳ ಮಟ್ಟಿಗಾದರೂ 15 ನಾಟ್ ಒಳಗಿರುವ ಪೂರ್ವದ ಗಾಳಿಯನ್ನು ತೋರಿಸುವವರೆಗೆ ಬೊಕೆರಾನ್ ಬಿಡಬೇಡಿ. ಹಾಗೆ ಕಾದು ದಾಟಿದವರಿಗೆ ಮೋನಾ ಸಾಮಾನ್ಯವಾದ ಒಂದು ರಾತ್ರಿಯ ಪಯಣ.

ಸಮನಾದಿಂದ ಡೊಮಿನಿಕನ್ ಉತ್ತರ ತೀರವನ್ನು ಹಿಡಿದು ಲುಪೆರಾನ್‌ಗೆ ಹೋಗಿ. ಸುತ್ತ ಗುಡ್ಡ, ದಡದ ತುಂಬ ಕಾಂಡ್ಲಾ, ತಳದಲ್ಲಿ ಲಂಗರು ಕಚ್ಚಿ ಹಿಡಿಯುವ ಕೆಸರು ಇರುವ ಆ ಒಳಬಂದರು ಚಂಡಮಾರುತಕ್ಕೂ ಆಸರೆ ಕೊಡುವಂಥದ್ದೆಂದು ಹೆಸರಾಗಿದೆ. ಪ್ರವೇಶದ ಕಾಲುವೆಯಲ್ಲಿ ಮರಳು-ಕೆಸರಿನ ದಿಬ್ಬಗಳಿರುವುದರಿಂದ ಬೆಳಿಗ್ಗೆ, ಗಾಳಿ ಏಳುವ ಮೊದಲೇ ಒಳಗೆ ಹೋಗಬೇಕು. ಸಮನಾದಿಂದ ನೇರ ಉತ್ತರಕ್ಕೆ ತಿರುಗಿ ಟರ್ಕ್ಸ್ ಸೇರುವ ಯೋಚನೆ ಬೇಡ. ಆ ದಾರಿಯ ಪಕ್ಕದಲ್ಲೇ ಸಿಲ್ವರ್ ಬ್ಯಾಂಕ್ ಎಂಬ ಆಳವಿಲ್ಲದ ದಿಬ್ಬವಿದೆ. ನೀರಿನ ಮೇಲ್ಮೈವರೆಗೂ ಎದ್ದುನಿಂತ ಹವಳದ ಕಂಬಗಳ ಆ ಪ್ರದೇಶದಲ್ಲಿ 1641ರಲ್ಲಿ ಬೆಳ್ಳಿ ಹೊತ್ತ ಸ್ಪೇನ್‌ನ ಹಡಗು ಕನ್ಸೆಪ್ಸಿಯಾನ್ ಒಡೆದು ಮುಳುಗಿತು. ಗೂನುಬೆನ್ನಿನ ತಿಮಿಂಗಿಲಗಳು ಮರಿಹಾಕಲು ಬರುವ ಜಾಗವೂ ಅದೇ. ಜನವರಿಯಿಂದ ಮಾರ್ಚ್‌ವರೆಗೆ ಅವುಗಳ ಕಾಲ. ಏಪ್ರಿಲ್ ಆರಂಭದಲ್ಲಿ ಕೆಲವು ಇನ್ನೂ ಉಳಿದಿರಬಹುದಾದ್ದರಿಂದ ರಾತ್ರಿಯ ಪಾಳಿಯಲ್ಲಿ ಎಚ್ಚರವಿರಲಿ.

ಇನ್ನು ಬೆನ್ನಗಾಳಿಯ ಬಗ್ಗೆ ಒಂದು ಮಾತು, ಏಕೆಂದರೆ ಸುಲಭದ ದಿಕ್ಕು ಎಂದಾಗ ಜನ ಇದನ್ನು ಮರೆಯುತ್ತಾರೆ. ಗಾಳಿ ನೇರ ಹಿಂದಿನಿಂದ ಬರುವಾಗ ದೋಣಿ ಎಡಕ್ಕೂ ಬಲಕ್ಕೂ ಹೊರಳುತ್ತದೆ, ಬೂಮ್ (ಮುಖ್ಯ ಹಾಯಿಯ ಕೆಳ ಅಂಚನ್ನು ಹಿಡಿಯುವ ಅಡ್ಡಕಂಬ) ಯಾವ ಕ್ಷಣದಲ್ಲಾದರೂ ಅತ್ತಿಂದಿತ್ತ ಹಾರಬಹುದು. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರ ತಲೆಗೆ ಪೆಟ್ಟಾದರೆ ಉಳಿಯುವವರು ಒಬ್ಬರೇ. ಬೂಮ್ ಅನ್ನು ಮುಂದಕ್ಕೆ ಬಿಗಿದು ಕಟ್ಟುವ ಹಗ್ಗವನ್ನು ಬಂದರಿನಲ್ಲೇ ಎರಡೂ ಪಕ್ಕಗಳಿಗೆ ಹೊಂದಿಸಿಡಿ. ಗಾಳಿಯನ್ನು ನೇರ ಬೆನ್ನಿಗೆ ತೆಗೆದುಕೊಳ್ಳುವ ಬದಲು ಇಪ್ಪತ್ತು ಡಿಗ್ರಿ ಪಕ್ಕಕ್ಕೆ ಇಟ್ಟುಕೊಂಡು ಸಾಗಿ. ನಾಲ್ಕಾರು ಮೈಲಿ ಹೆಚ್ಚಾದರೂ ಮಲಗಿರುವವರಿಗೆ ನಿದ್ದೆ ಬರುತ್ತದೆ. ಸೂರ್ಯ ಮುಳುಗುವ ಮೊದಲೇ ಮುಖ್ಯ ಹಾಯಿಯನ್ನು ಒಂದು ರೀಫ್ ಇಳಿಸಿ, ಅಂದರೆ ಒಂದು ಪಟ್ಟಿಯಷ್ಟು ಮಡಚಿ ಚಿಕ್ಕದಾಗಿಸಿಬಿಡಿ.

ತೆರೆದನೀರು ಅವರ ಉತ್ತರ

ಮೂಡಗಾಳಿ ಅವರು ಹೇಳಿದ ದಾರಿಯನ್ನು ನಾನು ಅಲ್ಲಗಳೆಯುವುದಿಲ್ಲ, ಆದರೂ ನೇರದಾರಿಯ ಪರವಾಗಿ ಯಾರಾದರೂ ಮಾತನಾಡಬೇಕು. ಸೇಂಟ್ ಥಾಮಸ್‌ನಿಂದ ಪೋರ್ಟೊ ರಿಕೊದ ಉತ್ತರಕ್ಕೆ ಸರಿದು, ನಾವಿಡಾಡ್ ಮತ್ತು ಸಿಲ್ವರ್ ದಿಬ್ಬಗಳನ್ನು ಎಡಕ್ಕೆ ದೂರ ಬಿಟ್ಟು, ಬಹಾಮದ ಹೊರ ಅಂಚಿನಲ್ಲೇ ವಾಯವ್ಯಕ್ಕೆ ಸಾಗಿ, ಅಬಾಕೋ ದ್ವೀಪದ ದಕ್ಷಿಣ ತುದಿಯನ್ನು ಬಳಸಿ ಪ್ರಾವಿಡೆನ್ಸ್ ಕಾಲುವೆಗಳ ಮೂಲಕ ಫ್ಲೋರಿಡಾ ಸೇರಿದರೆ ಒಟ್ಟು ದೂರ 1000 ನಾಟಿಕಲ್ ಮೈಲಿಗೆ ಸ್ವಲ್ಪ ಕಡಿಮೆ. ದಿನಕ್ಕೆ 125 ಮೈಲಿ ಎಂದು ಹಿಡಿದರೆ ಎಂಟು ದಿನಗಳು. ಉದ್ದಕ್ಕೂ ಆಳದ ನೀರು. ಹವಳದ ಭಯ, ಸುಂಕದ ಕಚೇರಿಗಳ ಅಲೆದಾಟ, ರಾತ್ರಿ ಲಂಗರು ಜಾರೀತೆಂಬ ಆತಂಕ ಯಾವುದೂ ಇಲ್ಲ. ಕ್ಷೇಮದ ದೃಷ್ಟಿಯಿಂದ ನೋಡಿದರೆ ಹಾಯಿದೋಣಿಗೆ ಕೇಡು ಬರುವುದು ಹೆಚ್ಚಾಗಿ ನೆಲದ ಹತ್ತಿರವೇ ಎಂಬುದನ್ನು ಮರೆಯಬಾರದು.

ಇದರ ಬೆಲೆಯೆಂದರೆ ಆಯಾಸ. ಇಬ್ಬರೇ ಇದ್ದಾಗ ಮೊದಲ ಮೂರು ರಾತ್ರಿಗಳು ಬಹಳ ಕಷ್ಟ, ಅನಂತರ ಮೈ ಪಾಳಿಗೆ ಒಗ್ಗುತ್ತದೆ. ಎಂಟು ದಿನಗಳ ಮುನ್ಸೂಚನೆಯನ್ನು ಪೂರ್ಣ ನಂಬಲಾಗದು ಎಂಬುದೂ ನಿಜ. ಕೊನೆಯ ಎರಡು ದಿನಗಳಲ್ಲಿ ಉತ್ತರದಿಂದ ಶೀತ ವಾಯುಮುಖ (ಮುನ್ನುಗ್ಗುವ ತಂಪು ಗಾಳಿರಾಶಿಯ ಮುಂಚೂಣಿ) ಇಳಿದುಬಂದರೆ ಪ್ರಾವಿಡೆನ್ಸ್ ಕಾಲುವೆಯಲ್ಲಿ ದೊಡ್ಡ ಹಡಗುಗಳ ನಡುವೆ ಎದುರುಗಾಳಿಯನ್ನು ಎದುರಿಸಬೇಕಾದೀತು. ಆದರೂ ಏಪ್ರಿಲ್ ಕಳೆದು ಮೇ ಮಧ್ಯದ ಹೊತ್ತಿಗೂ ನೀವು ಲುಪೆರಾನ್‌ನಲ್ಲೇ ಇದ್ದರೆ, ದ್ವೀಪಗಳ ಆಸೆಯನ್ನು ಅಲ್ಲಿಗೇ ಬಿಟ್ಟು ಈ ಹೊರದಾರಿಯನ್ನು ಹಿಡಿಯಲು ಮನಸ್ಸು ಸಿದ್ಧವಿರಲಿ. ಕ್ಯೂಬಾದ ಉತ್ತರ ಅಂಚಿನ ಹಳೆಯ ಬಹಾಮ ಕಾಲುವೆಯೂ ನಕ್ಷೆಯಲ್ಲಿ ನೇರವಾಗಿಯೇ ಕಾಣುತ್ತದೆ. ಅಮೆರಿಕದ ದೋಣಿಗಳು ಅನುಮತಿಯಿಲ್ಲದೆ ಕ್ಯೂಬಾದ ಜಲಗಡಿಯನ್ನು ಪ್ರವೇಶಿಸುವಂತಿಲ್ಲವಾದ್ದರಿಂದ ಇಬ್ಬರ ದೋಣಿಗೆ ನಾನು ಅದನ್ನು ಸೂಚಿಸುವುದಿಲ್ಲ.

ನೀಲಿಪಚ್ಚೆ ಅವರ ಉತ್ತರ

ಆಳವಿಲ್ಲದ ನೀರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. 1.9 ಮೀಟರ್ ಕೀಲ್‌ನೊಂದಿಗೆ ಬಹಾಮವನ್ನು ನೋಡಬಹುದು, ಆದರೆ ಎಲ್ಲ ಕಡೆಯೂ ಅಲ್ಲ. ಅಲ್ಲಿ ಉಬ್ಬರ-ಇಳಿತದ ಅಂತರ ಒಂದು ಮೀಟರ್‌ಗೂ ಕಡಿಮೆ. ಮರಳಿಗೆ ಕೀಲ್ ಸಿಕ್ಕಿಕೊಂಡರೆ ಮುಂದಿನ ಉಬ್ಬರ ಎತ್ತಿ ಬಿಡುತ್ತದೆಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ. ಇಳಿತ ಮುಗಿದು ನೀರು ಏರುತ್ತಿರುವಾಗ ಮಾತ್ರ ಅನುಮಾನದ ಜಾಗಗಳನ್ನು ದಾಟುವುದು ನನ್ನ ನಿಯಮ.

ನೀರಿನ ಬಣ್ಣವನ್ನು ಓದುವುದು ಇಲ್ಲಿ ಆಳಮಾಪಕಕ್ಕಿಂತ ಮುಖ್ಯವಾದ ಕೌಶಲ, ಏಕೆಂದರೆ ಆಳಮಾಪಕ ದೋಣಿಯ ಅಡಿಯಲ್ಲಿರುವುದನ್ನು ಹೇಳುತ್ತದೆಯೇ ಹೊರತು ಮುಂದಿರುವುದನ್ನಲ್ಲ. ಗಾಢ ನೀಲಿ ಎಂದರೆ ಆಳ; ತಿಳಿಹಸಿರು ಬೆರೆತ ನೀಲಿ ಎಂದರೆ ಮೂರ್ನಾಲ್ಕು ಮೀಟರ್ ನೀರಿನ ಕೆಳಗೆ ಮರಳು; ಬಿಳಿಚಿಕೊಂಡ ನೀರು ನಿಮ್ಮ ಕೀಲ್‌ಗೆ ಸಾಲದು; ಕಂದು ಬಣ್ಣ ಕಂಡರೆ ಹವಳವೋ ಹುಲ್ಲೋ ಎಂದು ಹತ್ತಿರ ಹೋಗಿ ಪರೀಕ್ಷಿಸದೆ ಬಳಸಿ ಹೋಗಿ. ಸಣ್ಣ ಮೋಡಗಳ ನೆರಳೂ ಹವಳದಂತೆಯೇ ಕಾಣುತ್ತದೆ. ನೆರಳು ಚಲಿಸುತ್ತದೆ, ಹವಳ ಚಲಿಸುವುದಿಲ್ಲ. ಈ ಓದು ಸಾಧ್ಯವಾಗುವುದು ಸೂರ್ಯ ಎತ್ತರದಲ್ಲಿ, ನಿಮ್ಮ ತಲೆಯ ಮೇಲೆ ಅಥವಾ ಬೆನ್ನಿಗೆ ಇದ್ದಾಗ ಮಾತ್ರ. ಪಶ್ಚಿಮಕ್ಕೆ ಸಾಗುವವರಿಗೆ ಇಲ್ಲೇ ತೊಡಕು. ಮಧ್ಯಾಹ್ನ ಕಳೆದು ಒಂದೆರಡು ಗಂಟೆಯಾಗುತ್ತಿದ್ದಂತೆ ಸೂರ್ಯ ನಿಮ್ಮ ಮುಂದಕ್ಕೆ ಬರುತ್ತಾನೆ, ನೀರು ಬೆಳ್ಳಿಯ ತಗಡಿನಂತೆ ಹೊಳೆದು ಒಳಗಿನದೇನೂ ಕಾಣುವುದಿಲ್ಲ. ದಕ್ಷಿಣ ಕೈಕೋಸ್‌ನಿಂದ ಪ್ರಾವಿಡೆನ್ಸಿಯಾಲ್ಸ್‌ನ ಸ್ಯಾಪೊಡಿಲ್ಲಾ ಕೊಲ್ಲಿಗೆ ಕೈಕೋಸ್ ಬ್ಯಾಂಕ್ ಎಂಬ ಆಳವಿಲ್ಲದ ನೀರಿನ ಹರವಿನ ಮೇಲೆ ಸುಮಾರು 45 ಮೈಲಿ; ಐದು ನಾಟ್‌ನಲ್ಲಿ ಒಂಬತ್ತು ಗಂಟೆ. ಬೆಳಿಗ್ಗೆ ಎಷ್ಟೇ ಬೇಗ ಹೊರಟರೂ ಕೊನೆಯ ಭಾಗವನ್ನು ಕುರುಡು ಬೆಳಕಿನಲ್ಲೇ ಸಾಗಬೇಕಾಗುತ್ತದೆ. ಸಮುದ್ರ ಶಾಂತವಾಗಿದ್ದರೆ ಮಧ್ಯಾಹ್ನ ಎರಡರ ಹೊತ್ತಿಗೆ ಬ್ಯಾಂಕ್ ನಡುವೆಯೇ ಬರಿ ಮರಳಿನ ಮೇಲೆ ಲಂಗರು ಹಾಕಿ, ಲಂಗರುದೀಪ ಹಚ್ಚಿ, ಮರುದಿನ ಮುಂದುವರಿಯುವುದು ಒಂದು ವಿಧಾನ.

ನಿಮ್ಮ ಕೀಲ್ ಮತ್ತು ನಿಮ್ಮ ಅವಧಿಯನ್ನು ನೋಡಿದರೆ ನಾನು ಕೈಕೋಸ್ ಬ್ಯಾಂಕ್ ಅನ್ನೇ ಬಿಟ್ಟುಬಿಡಲು ಹೇಳುತ್ತೇನೆ. ಲುಪೆರಾನ್‌ನಿಂದ ಸಂಜೆ ಬೆಳಕಿರುವಾಗಲೇ ಕಾಲುವೆ ದಾಟಿ, ಪಶ್ಚಿಮ ಕೈಕೋಸ್ ದ್ವೀಪವನ್ನು ಬಲಕ್ಕೆ ಬಿಟ್ಟು ಆಳದ ನೀರಿನಲ್ಲೇ ಬಹಾಮದ ಮಾಯಾಗ್ವಾನಾ ದ್ವೀಪಕ್ಕೆ ಹೋದರೆ ಸುಮಾರು 190 ಮೈಲಿ. ಎರಡು ರಾತ್ರಿ, ಒಂದು ಹಗಲು. ಬೆಳಗಾಗುವ ಮೊದಲೇ ತಲುಪಿದರೆ ಹೊರಗೇ ಹಾಯಿ ಇಳಿಸಿ ಕಾಯಿರಿ. ಅಲ್ಲಿನ ಏಬ್ರಹಾಮ್ಸ್ ಕೊಲ್ಲಿಯ ಬಾಯಲ್ಲಿ ಹವಳದ ಗೋಡೆಯಿದೆ, ಅದರ ನಡುವಿನ ದಾರಿಗೆ ಎತ್ತರದ ಸೂರ್ಯ ಬೇಕೇ ಬೇಕು. ಮುಂದೆ ಆಕ್ಲಿನ್ಸ್ ದ್ವೀಪದ ಆಟ್‌ವುಡ್ ಬಂದರಿಗೆ 50 ಮೈಲಿಗೆ ಸ್ವಲ್ಪ ಹೆಚ್ಚು, ಅಲ್ಲಿಂದ ಲಾಂಗ್ ಐಲೆಂಡ್‌ನ ಕ್ಲಾರೆನ್ಸ್ ಟೌನ್‌ಗೆ 60ಕ್ಕೂ ಹೆಚ್ಚು, ಅಲ್ಲಿಂದ ಆ ದ್ವೀಪದ ಉತ್ತರ ತುದಿಯನ್ನು ಸುತ್ತಿ ಎಕ್ಸೂಮಾದ ಜಾರ್ಜ್ ಟೌನ್‌ಗೆ ಹೆಚ್ಚುಕಡಿಮೆ ಅಷ್ಟೇ. ಆಟ್‌ವುಡ್ ಉತ್ತರಕ್ಕೆ ತೆರೆದಿರುವ ಕೊಲ್ಲಿ. ಉತ್ತರದ ಉಬ್ಬಲೆ ಇದ್ದಾಗ ಅಲ್ಲಿ ನಿಲ್ಲಬೇಡಿ.

ಎಕ್ಸೂಮಾ ಸಾಲಿನಲ್ಲಿ ಅವಸರ ಬೇಡ. ವಾರ್ಡರಿಕ್ ವೆಲ್ಸ್ ದ್ವೀಪದ ಸುತ್ತಲಿನ ನೀರು 1958ರಿಂದ ಸಂರಕ್ಷಿತ ಉದ್ಯಾನವಾಗಿದ್ದು, ಅಲ್ಲಿ ಮೀನನ್ನಾಗಲಿ ಶಂಖವನ್ನಾಗಲಿ ಚಿಪ್ಪನ್ನಾಗಲಿ ತೆಗೆಯುವಂತಿಲ್ಲ. ಹಾಗೆ ಕಾಪಾಡಿದ್ದರ ಫಲ ನೀರಿಗೆ ಇಳಿದ ಕೂಡಲೇ ಕಾಣುತ್ತದೆ. ಈ ಸಾಲಿನ ದ್ವೀಪಗಳ ನಡುವಿನ ಸಂದುಗಳನ್ನು ಅಲ್ಲಿ ಕಟ್ ಎನ್ನುತ್ತಾರೆ. ಸಾಲಿನ ಪಶ್ಚಿಮಕ್ಕೆ ಹರಡಿದ ಆಳವಿಲ್ಲದ ಬ್ಯಾಂಕ್ ಮೇಲಿನ ನೀರೆಲ್ಲ ಇಳಿತದ ಹೊತ್ತಿನಲ್ಲಿ ಈ ಸಂದುಗಳಿಂದ ಹೊರಕ್ಕೆ ಧುಮುಕುತ್ತದೆ. ಆಗ ಹೊರಗಿನಿಂದ ಪೂರ್ವದ ಗಾಳಿಯೂ ಉಬ್ಬಲೆಯೂ ಎದುರಾಗಿ ಬಂದರೆ ಸಂದಿನ ಬಾಯಿಯಲ್ಲಿ ನೊರೆಗಟ್ಟಿದ ಅಲೆಗಳ ಗೋಡೆ ಏಳುತ್ತದೆ. ಅಲ್ಲಿಯವರು ಅದನ್ನು ರೇಜ್ ಎಂದು ಕರೆಯುತ್ತಾರೆ. ನೀರು ತಿರುಗುವ ನಿಶ್ಚಲ ಗಳಿಗೆಯಲ್ಲೋ, ನೀರು ಒಳಮುಖವಾಗಿ ಹರಿಯುವಾಗಲೋ ದಾಟಿ. ಒಳಗೆ ಹೋದ ಬಳಿಕ ದ್ವೀಪಗಳ ಪಶ್ಚಿಮ ಮಗ್ಗುಲಿನ ಲಂಗರುದಾಣಗಳೆಲ್ಲ ಪೂರ್ವದ ಗಾಳಿಗೆ ಒಳ್ಳೆಯ ಮರೆ, ಆದರೆ ಪಶ್ಚಿಮಕ್ಕೆ ಪೂರ್ತಿ ಬಯಲು.

ಈ ಕೊನೆಯ ಮಾತು ಶೀತ ವಾಯುಮುಖದ ದಿನಗಳಲ್ಲಿ ಅತಿ ಮುಖ್ಯವಾಗುತ್ತದೆ. ಏಪ್ರಿಲ್‌ನಲ್ಲಿ ಅವು ಡೊಮಿನಿಕನ್ ತೀರವನ್ನು ಮುಟ್ಟುವುದು ಕಡಿಮೆಯಾಗಿದ್ದರೂ ಬಹಾಮದ ಉತ್ತರಾರ್ಧಕ್ಕೆ ಇನ್ನೂ ಬರುತ್ತಿರುತ್ತವೆ. ಅವುಗಳ ಕ್ರಮ ಬಹುಮಟ್ಟಿಗೆ ಒಂದೇ: ಪೂರ್ವದ ಗಾಳಿ ಮೊದಲು ಆಗ್ನೇಯಕ್ಕೆ, ಆಮೇಲೆ ದಕ್ಷಿಣಕ್ಕೆ, ನೈಋತ್ಯಕ್ಕೆ ತಿರುಗಿ ಮಂದವಾಗುತ್ತದೆ, ವಾಯುಮುಖ ದಾಟುತ್ತಿದ್ದಂತೆ ಪಶ್ಚಿಮ-ವಾಯವ್ಯದಿಂದ ಜೋರಾಗಿ ಬೀಸಿ, ಉತ್ತರಕ್ಕೂ ಈಶಾನ್ಯಕ್ಕೂ ಸರಿದು ಕೊನೆಗೆ ಪೂರ್ವಕ್ಕೆ ಮರಳುತ್ತದೆ. ವಾಯವ್ಯಕ್ಕೆ ಹೋಗುವ ನಿಮಗೆ ಆಗ್ನೇಯದ ಮತ್ತು ದಕ್ಷಿಣದ ಗಾಳಿಯಿರುವ ಆ ಒಂದೆರಡು ದಿನಗಳು ಹೇಳಿ ಮಾಡಿಸಿದಂಥವು. ಅವನ್ನು ಬಳಸಿ ಮುಂದಿನ ಹಂತವನ್ನು ಮುಗಿಸಿ. ಗಾಳಿ ನೈಋತ್ಯ ಮುಟ್ಟುವ ಮೊದಲೇ ಪಶ್ಚಿಮದಿಂದಲೂ ಮರೆಯಿರುವ ಲಂಗರುದಾಣದಲ್ಲಿ ಲಂಗರಿನ ಸರಪಣಿಯನ್ನು ಉದ್ದಕ್ಕೆ ಇಳಿಬಿಟ್ಟು ನಿಂತಿರಿ. ಅಂಥ ಜಾಗಗಳು ಕೆಲವೇ ಇವೆ ಮತ್ತು ಬೇಗ ತುಂಬುತ್ತವೆ. ಆದ್ದರಿಂದ ಪ್ರತಿ ಲಂಗರುದಾಣಕ್ಕೂ ಅದು ಯಾವ ಗಾಳಿಗೆ ಮರೆ, ಯಾವುದಕ್ಕೆ ಬಯಲು ಎಂದು ಹೊರಡುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಹಾಯಿಹಗ್ಗ ಅವರ ಮರುಪ್ರಶ್ನೆ

ಮೂವರಿಗೂ ಮನಃಪೂರ್ವಕ ವಂದನೆಗಳು. ಪಶ್ಚಿಮಕ್ಕೆ ಹೋಗುವವರಿಗೆ ಮಧ್ಯಾಹ್ನದ ಸೂರ್ಯ ಎದುರಾಗುತ್ತಾನೆ ಎಂಬುದು ನಕ್ಷೆಯ ಮುಂದೆ ಎಷ್ಟು ಹೊತ್ತು ಕುಳಿತರೂ ನಮಗೆ ಹೊಳೆದಿರಲಿಲ್ಲ. ಪತ್ನಿಯೊಡನೆ ಮಾತನಾಡಿ ಕೈಕೋಸ್ ಬ್ಯಾಂಕ್ ಬಿಟ್ಟು ಲುಪೆರಾನ್‌ನಿಂದ ಮಾಯಾಗ್ವಾನಾಕ್ಕೆ ನೇರ ಹೋಗಲು, ಮೇ 15ರ ವೇಳೆಗೆ ಲುಪೆರಾನ್ ಬಿಡಲಾಗದಿದ್ದರೆ ಹೊರದಾರಿಯನ್ನೇ ಹಿಡಿಯಲು ನಿರ್ಧರಿಸಿದ್ದೇವೆ. ಇನ್ನೆರಡು ವಿಷಯಗಳು ಉಳಿದಿವೆ. ಬಹಾಮದ ಪಶ್ಚಿಮ ಅಂಚಿನ ಬಿಮಿನಿಯಿಂದ ಫ್ಲೋರಿಡಾಕ್ಕೆ ಗಲ್ಫ್ ಸ್ಟ್ರೀಮ್ ಎಂಬ ಸಾಗರಪ್ರವಾಹವನ್ನು ದಾಟುವುದು ಹೇಗೆ? ಪ್ರತಿ ದೇಶದ ಕಾಗದಪತ್ರಗಳಲ್ಲಿ ನಾವು ಎಚ್ಚರ ವಹಿಸಬೇಕಾದದ್ದು ಏನು?

ಮೂಡಗಾಳಿ ಅವರ ಉತ್ತರ

ಗಲ್ಫ್ ಸ್ಟ್ರೀಮ್ ವಿಷಯದಲ್ಲಿ ನಿಯಮ ಒಂದೇ: ಗಾಳಿಯ ದಿಕ್ಕಿನಲ್ಲಿ ಉತ್ತರದ ಅಂಶ ಲವಲೇಶವೂ ಇರಬಾರದು. ಪ್ರವಾಹ ಉತ್ತರಕ್ಕೆ ಸರಾಸರಿ ಎರಡೂವರೆ ನಾಟ್ ವೇಗದಲ್ಲಿ, ನಡುವಿನಲ್ಲಿ ಇನ್ನೂ ಜೋರಾಗಿ ಹರಿಯುತ್ತದೆ. ಉತ್ತರದ ಗಾಳಿ ಅದಕ್ಕೆ ಎದುರಾದರೆ ಅಲೆಗಳು ಹತ್ತಿರ ಹತ್ತಿರವಾಗಿ, ನಿಟ್ಟನೆ ಎದ್ದು ಒಡೆಯತೊಡಗುತ್ತವೆ. ಬೇರೆಲ್ಲಾದರೂ ಆರಾಮವಾಗಿ ಸಾಗಬಹುದಾದ 15 ನಾಟ್ ಗಾಳಿಯೂ ಅಲ್ಲಿ ದೋಣಿಗೆ ಅಪಾಯವೇ. ವಾಯುಮುಖ ದಾಟಿ ಗಾಳಿ ಪೂರ್ವಕ್ಕೆ ಬಂದ ಮೇಲೂ ಉತ್ತರದ ಉಬ್ಬಲೆ ಇಳಿಯಲು ಇನ್ನೊಂದು ದಿನ ಬಿಡಿ.

ಲೆಕ್ಕ ಹೀಗಿದೆ. ಬಿಮಿನಿಯಿಂದ ಎದುರಿನ ತೀರಕ್ಕೆ ಸುಮಾರು 45 ಮೈಲಿ. ಐದು ನಾಟ್‌ನಲ್ಲಿ ಒಂಬತ್ತು ಗಂಟೆ. ಅಷ್ಟು ಹೊತ್ತಿನಲ್ಲಿ ಪ್ರವಾಹ ನಿಮ್ಮನ್ನು 22 ಮೈಲಿಯಷ್ಟು ಉತ್ತರಕ್ಕೆ ಒಯ್ಯುತ್ತದೆ. ಮಯಾಮಿಗೇ ಹೋಗುತ್ತೇನೆಂದು ಹಟ ಹಿಡಿದರೆ ಮೂತಿಯನ್ನು ನೈಋತ್ಯದತ್ತ ತಿರುಗಿಸಿ ಇಡೀ ದಾರಿ ಪ್ರವಾಹದೊಂದಿಗೆ ಕಾದಾಡಬೇಕು. ಬದಲಿಗೆ ಮೂತಿಯನ್ನು ನೇರ ಪಶ್ಚಿಮಕ್ಕೆ ಹಿಡಿದು ಪ್ರವಾಹ ಒಯ್ದತ್ತ ಹೋದರೆ ಬಹುಮಟ್ಟಿಗೆ ಮಯಾಮಿಯ ಉತ್ತರಕ್ಕಿರುವ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿನ ಬಾಯಿಗೇ ಬಂದು ತಲುಪುತ್ತೀರಿ. ನಿಮ್ಮ ಬಂದರು ಇನ್ನೂ ಉತ್ತರದಲ್ಲಿದ್ದರೆ ಲೇಕ್ ವರ್ತ್ ಕಡೆಗೆ ಓರೆಯಾಗಿ ಹೊರಟು ಪ್ರವಾಹದ ವೇಗವನ್ನೂ ಸೇರಿಸಿಕೊಳ್ಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಆಟೋಪೈಲಟ್ ಅನ್ನು ನಕ್ಷೆಯ ಗೆರೆಯನ್ನು ಹಿಂಬಾಲಿಸುವ ಸ್ಥಿತಿಯಲ್ಲಿಟ್ಟರೆ ಅದು ಗೆರೆಯ ಮೇಲೇ ಉಳಿಯಲು ದೋಣಿಯನ್ನು ಸದಾ ದಕ್ಷಿಣಕ್ಕೆ ತಿರುಗಿಸುತ್ತ ಗಂಟೆಗಳನ್ನು ಹಾಳುಮಾಡುತ್ತದೆ. ಅದನ್ನು ದಿಕ್ಸೂಚಿಯ ದಿಕ್ಕನ್ನು ಮಾತ್ರ ಹಿಡಿಯುವ ಸ್ಥಿತಿಯಲ್ಲಿಡಿ. ನಕ್ಷೆಯ ಮೇಲೆ ನಿಮ್ಮ ಜಾಡು ಬಳುಕಿದಂತೆ ಕಂಡರೂ ಚಿಂತಿಸಬೇಡಿ, ತಲುಪುವುದು ಬೇಗವೇ.

ದಾಖಲೆದಾರ ಅವರ ಉತ್ತರ

ಕಾಗದಪತ್ರಗಳ ಬಗ್ಗೆ ಬರೆಯುತ್ತೇನೆ. ಶುಲ್ಕಗಳು ಬದಲಾಗುತ್ತಿರುವುದರಿಂದ ಮೊತ್ತಗಳನ್ನು ಇಲ್ಲಿ ಹೇಳುವುದಿಲ್ಲ, ಆಯಾ ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಿ.

ಹಲವರು ತಪ್ಪು ತಿಳಿಯುವುದು ಮೊದಲ ಹಂತದಲ್ಲೇ. ಸೇಂಟ್ ಥಾಮಸ್ ಮತ್ತು ಪೋರ್ಟೊ ರಿಕೊ ಎರಡೂ ಅಮೆರಿಕದವೇ ಆದರೂ, ಅಮೆರಿಕದ ವರ್ಜಿನ್ ದ್ವೀಪಗಳು ಆ ದೇಶದ ಸುಂಕದ ವಲಯದ ಹೊರಗಿವೆ. ಹೀಗಾಗಿ ಕುಲೆಬ್ರಾ ತಲುಪಿದ ಕೂಡಲೇ ಸುಂಕ ಮತ್ತು ಗಡಿ ಇಲಾಖೆಗೆ ವರದಿ ಮಾಡಬೇಕು. 30 ಅಡಿ ಮತ್ತು ಅದಕ್ಕಿಂತ ಉದ್ದದ ದೋಣಿಗೆ ವಾರ್ಷಿಕ ಬಳಕೆ ಶುಲ್ಕದ ಸ್ಟಿಕ್ಕರ್ ಬೇಕು. ನಿಮ್ಮದು ಆ ಅಳತೆಗೆ ಬರುತ್ತದೆ.

ಡೊಮಿನಿಕನ್ ಗಣರಾಜ್ಯದಲ್ಲಿ ದೇಶದೊಳಗೆ ಒಮ್ಮೆ ಪ್ರವೇಶ ಪಡೆದರೆ ಮುಗಿಯಲಿಲ್ಲ. ಒಂದು ಬಂದರಿನಿಂದ ಇನ್ನೊಂದಕ್ಕೆ ಹೋಗುವಾಗಲೂ ನೌಕಾಪಡೆಯ ಕಚೇರಿಯಿಂದ ದೆಸ್ಪಾಚೊ ಎಂಬ ನಿರ್ಗಮನ ಪತ್ರವನ್ನು ಪಡೆಯಬೇಕು. ಸಮನಾದಲ್ಲಿ ಅದನ್ನು ಪಡೆಯದೆ ಹೊರಟರೆ ಲುಪೆರಾನ್‌ನಲ್ಲಿ ತೊಂದರೆಯಾಗುತ್ತದೆ. ಹೊರಡುವ ದಿನ ಹವಾಮಾನಕ್ಕೆ ತಕ್ಕಂತೆ ಬದಲಾಗುವುದು ಅವರಿಗೂ ಗೊತ್ತಿರುವ ಸಂಗತಿ, ಸೌಜನ್ಯದಿಂದ ವಿವರಿಸಿ.

ಟರ್ಕ್ಸ್ ಮತ್ತು ಕೈಕೋಸ್ ನಿಮ್ಮ ಯೋಜನೆಯಲ್ಲಿ ಈಗಿಲ್ಲವಾದರೂ, ಗಾಳಿ ಕೆಟ್ಟರೆ ಅಲ್ಲಿಗೆ ನುಗ್ಗಬೇಕಾಗಬಹುದು. ಅಲ್ಲಿ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ಒಂದೇ ಒಂದು ಗುಂಡನ್ನಾಗಲಿ ಇಟ್ಟುಕೊಂಡಿರುವುದಕ್ಕೆ ಬಹಳ ಕಠಿಣ ಶಿಕ್ಷೆಯಿದೆ. ಹಿಂದೆಂದೋ ಯಾರೋ ಬಿಟ್ಟುಹೋದ ಗುಂಡು ಯಾವುದಾದರೂ ಪೆಟ್ಟಿಗೆಯ ಮೂಲೆಯಲ್ಲಿ ಉಳಿದಿದೆಯೇ ಎಂದು ಹೊರಡುವ ಮೊದಲು ದೋಣಿಯನ್ನೆಲ್ಲ ಹುಡುಕಿ ನೋಡಿ.

ಬಹಾಮಕ್ಕೆ ವಿಹಾರ ಪರವಾನಗಿಯ ಅರ್ಜಿಯನ್ನು ಕ್ಲಿಕ್‌ಟುಕ್ಲಿಯರ್ ಎಂಬ ಸರ್ಕಾರಿ ಜಾಲತಾಣದಲ್ಲಿ ಮೊದಲೇ ತುಂಬಬಹುದು. ಲುಪೆರಾನ್‌ನಲ್ಲಿ ಇಂಟರ್‌ನೆಟ್ ಸಿಗುವಾಗಲೇ ಅದನ್ನು ಮುಗಿಸಿ, ಪ್ರತಿಯನ್ನು ಕಾಗದದ ಮೇಲೂ ಇಟ್ಟುಕೊಳ್ಳಿ. ದಕ್ಷಿಣದ ಸಣ್ಣ ದ್ವೀಪಗಳಲ್ಲಿ ಅಧಿಕಾರಿ ಪ್ರತಿದಿನ ಇರಲಿಕ್ಕಿಲ್ಲ. ನೀವು ಮೊದಲು ಮುಟ್ಟುವ ಬಂದರು ಆ ಹೊತ್ತಿಗೆ ಅಧಿಕೃತ ಪ್ರವೇಶ ಬಂದರೇ ಎಂಬುದನ್ನು ಖಚಿತಪಡಿಸಿಕೊಂಡು ಹೊರಡಿ. ಪ್ರವೇಶ ದೊರೆಯುವ ತನಕ ಹಳದಿ ಬಾವುಟ ಹಾರುತ್ತಿರಲಿ, ಯಾರೂ ದಡಕ್ಕೆ ಇಳಿಯುವುದು ಬೇಡ.

ಫ್ಲೋರಿಡಾ ತಲುಪಿದಾಗ ಮತ್ತೆ ಸುಂಕ ಇಲಾಖೆಗೆ ವರದಿ ಮಾಡಬೇಕು. ಅವರ ಮೊಬೈಲ್ ಆ್ಯಪ್‌ನಲ್ಲಿ ನಿಮ್ಮಿಬ್ಬರ ಮತ್ತು ದೋಣಿಯ ವಿವರಗಳನ್ನು ಸೇಂಟ್ ಥಾಮಸ್ ಬಿಡುವ ಮೊದಲೇ ತುಂಬಿಟ್ಟರೆ ಕುಲೆಬ್ರಾದಲ್ಲೂ ಅದೇ ಉಪಯೋಗಕ್ಕೆ ಬರುತ್ತದೆ. ತಾಜಾ ಹಣ್ಣು, ತರಕಾರಿ, ಮಾಂಸವನ್ನು ಬಿಮಿನಿಯಲ್ಲೇ ಮುಗಿಸಿಬಿಡಿ. ಉಳಿದದ್ದನ್ನು ಮುಚ್ಚಿಡದೆ ವರದಿಯಲ್ಲಿ ನಮೂದಿಸಿ.